ಹಿಡಿದಿದ್ದು ಸರಿ, ಬಿಟ್ಟಿದ್ದೆಲ್ಲಿ?

ನನಗೆ ಬರುವ ಫೋನುಗಳಲ್ಲಿ ಎರಡೇ ಜಾತಿ. ಒಂದು, "ನೀರು ಬರ್ತಾ ಇಲ್ಲ." ಇನ್ನೊಂದು, "ಹಾವು ಬಂದಿದೆ." ಹೊಟ್ಟೆಪಾಡಿಗೆ ನಾನು ಪ್ಲಂಬರ್. ಹಾವು ಹಿಡಿಯುವುದು ಹದಿನಾಲ್ಕು ವರ್ಷದಿಂದ ಅಂಟಿಕೊಂಡಿರುವ ಇನ್ನೊಂದು ಕೆಲಸ. ಕೆಲವರು ಎರಡಕ್ಕೂ ಒಟ್ಟಿಗೇ ಕರೆಯುತ್ತಾರೆ. ಕೈಯಲ್ಲಿ ನಾಗರಹಾವಿನ ಚೀಲ ಹಿಡಿದು ನಿಂತವನಿಗೆ, "ಹೇಗೂ ಬಂದಿದ್ದೀಯಲ್ಲ, ಸಿಂಕ್ ಕಟ್ಟಿಕೊಂಡಿದೆ, ಅದನ್ನೂ ನೋಡಿಬಿಡು" ಅಂದವರಿದ್ದಾರೆ.

ಇದನ್ನು ಬರೆಯುವುದಕ್ಕೆ ಕಾರಣ ಒಂದು ಮೋಟು ಬಾಲದ ನಾಗರ. ಅದರ ಕತೆಗೆ ಆಮೇಲೆ ಬರುತ್ತೇನೆ. ಮೊದಲು ಹಿಡಿಯುವ ವಿಷಯ ಹೇಳಿಬಿಡುತ್ತೇನೆ. ಯಾಕಂದ್ರೆ ಎಲ್ಲರೂ ಕೇಳುವುದು ಅದನ್ನೇ. ಎಲ್ಲಿ ಬಿಟ್ಟೆ ಅಂತ ಕೇಳುವವರು ತೀರಾ ಕಡಿಮೆ.

ನನಗೆ ಈ ಕೆಲಸ ಕಲಿಸಿದವರು ನಿವೃತ್ತರಾಗಿದ್ದ ಒಬ್ಬ ಫಾರೆಸ್ಟ್ ವಾಚರ್. ಮೊದಲ ಆರು ತಿಂಗಳು ಹುಕ್ ಮುಟ್ಟೋಕೇ ಬಿಡಲಿಲ್ಲ. ಹಾವಿರುವ ಮನೆಗೆ ಹೋದರೆ ಮೊದಲು ಎಲ್ಲರನ್ನೂ ಆಚೆ ಕಳಿಸುತ್ತಿದ್ದರು. ಆಮೇಲೆ ಬಾಗಿಲ ಹತ್ತಿರ ಒಂದು ಸ್ಟೂಲ್ ಹಾಕಿಕೊಂಡು ಸುಮ್ನೆ ಕೂರುತ್ತಿದ್ದರು. ಐದು ನಿಮಿಷ, ಹತ್ತು ನಿಮಿಷ. ನನಗೆ ಒಳಗೊಳಗೇ ಕುದಿತ. ಜನ ಕಾಯ್ತಾ ಇದ್ದಾರೆ, ಈ ಮನುಷ್ಯ ಕೂತಿದ್ದಾರೆ! ಆಮೇಲೆ ಗೊತ್ತಾಯಿತು. ಅಷ್ಟು ಹೊತ್ತಿಗೆ ಹಾವು ಯಾವ ಜಾತಿ, ಎಷ್ಟು ಉದ್ದ, ತಲೆ ಯಾವ ಕಡೆ, ಯಾವ ಸಂದಿಗೆ ಹೋಗೋಕೆ ನೋಡ್ತಿದೆ ಅನ್ನುವುದೆಲ್ಲ ಅವರಿಗೆ ಸಿಕ್ಕಿರುತ್ತಿತ್ತು. ಎಷ್ಟೋ ಸಲ ಹಾವು ತಾನೇ ಹಿತ್ತಿಲ ಬಾಗಿಲಲ್ಲಿ ಹೊರಟುಹೋಗುತ್ತಿತ್ತು. "ಆಯ್ತು, ನಡಿ" ಅಂತ ಅವರೂ ಎದ್ದು ಚಪ್ಪಲಿ ಹಾಕಿಕೊಳ್ಳುತ್ತಿದ್ದರು.

ಇವತ್ತು ಮೊಬೈಲಿನಲ್ಲಿ ನೋಡುವ ವಿಡಿಯೋಗಳಲ್ಲಿ ಇದು ಯಾವುದೂ ಇಲ್ಲ. ಬಾಲ ಹಿಡಿದು ಎತ್ತುವುದು, ಕತ್ತು ಹಿಡಿದು ಕ್ಯಾಮೆರಾಕ್ಕೆ ಬಾಯಿ ತೆರೆಸಿ ತೋರಿಸುವುದು, ಹೆಡೆಯ ಮುಂದೆ ಕೈ ಆಡಿಸುವುದು. ಹೆಸರಿನ ಹಿಂದೆ 'ಸ್ನೇಕ್' ಅಂತ ಸೇರಿಸಿಕೊಂಡರೆ ಮುಗಿಯಿತು. ಹಾಗೆ ಹಿಡಿಯುವುದರಿಂದ ಹಾವಿನ ಬೆನ್ನುಮೂಳೆಗೆ, ಕತ್ತಿಗೆ ಪೆಟ್ಟಾಗುತ್ತದೆ. ಹಿಡಿದವನಿಗೆ ಏನಾಗುತ್ತದೆ ಅನ್ನುವುದನ್ನು ಪೇಪರಿನಲ್ಲಿ ಓದುತ್ತಲೇ ಇರುತ್ತೇವೆ, ಅಲ್ವಾ?

ನಾನು ಬಳಸುವುದು ಪೈಪು ಮತ್ತು ಚೀಲ. ಪ್ಲಂಬರ್ ಆಗಿದ್ದಕ್ಕೆ ಇದರಲ್ಲಿ ನನಗೆ ಸ್ವಲ್ಪ ಜಂಬ ಇದೆ. ಹಾವಿಗೆ ಹೆದರಿಕೆಯಾದಾಗ ಬೇಕಾಗುವುದು ಒಂದು ಕತ್ತಲೆ ತೂತು. ಅದನ್ನು ನಾವೇ ಕೊಟ್ಟರೆ ಅದೇ ಒಳಗೆ ಹೋಗುತ್ತದೆ. ಇಡೀ ವಿದ್ಯೆ ಇಷ್ಟೇ. ದೊಡ್ಡ ನಾಗರಕ್ಕೆ 110 ಎಂಎಂ ಪಿವಿಸಿ ಪೈಪು, ಸಣ್ಣದಕ್ಕೆ 75. ಒಂದೂವರೆ ಅಡಿ ತುಂಡು ಸಾಕು. ಕತ್ತರಿಸಿದ ಅಂಚನ್ನು ಸ್ಯಾಂಡ್ ಪೇಪರಿನಿಂದ ಚೆನ್ನಾಗಿ ಉಜ್ಜಬೇಕು, ಇಲ್ಲದಿದ್ದರೆ ಹೊಟ್ಟೆಯ ಕೆಳಗಿನ ಹುರುಪೆ ಕಿತ್ತುಬರುತ್ತದೆ. ಬಿಳಿ ಪೈಪಿನೊಳಗೆ ಬೆಳಕು ಬೀಳುತ್ತದೆ, ಹಾಗಾಗಿ ಹೊರಗೆ ಕಪ್ಪು ಬಣ್ಣ ಬಳಿದಿದ್ದೇನೆ. ಹಿಂದಿನ ತುದಿಗೆ ದಪ್ಪ ಕಪ್ಪು ಬಟ್ಟೆಯ ಉದ್ದ ಚೀಲ. ಅದರ ಹೊಲಿಗೆ ಹೊರಮುಖವಾಗಿರಬೇಕು. ಒಳಗೆ ದಾರದ ಎಳೆ ಇದ್ದರೆ ಹಾವು ಸಿಕ್ಕಿಹಾಕಿಕೊಳ್ಳುತ್ತದೆ.

ಪೈಪನ್ನು ಗೋಡೆಯ ಮೂಲೆಗೆ ಒತ್ತಿ ಇಡುತ್ತೇನೆ. ಚೀಲ ಹಿಂದೆ ಉದ್ದಕ್ಕೆ ಹಾಸಿರುತ್ತದೆ. ಉದ್ದ ಹಿಡಿಕೆಯ ಹುಕ್ಕಿನಿಂದ ಹಾವನ್ನು ಮೆಲ್ಲಗೆ ಆ ಕಡೆ ತಿರುಗಿಸುತ್ತೇನೆ. ದಬ್ಬುವುದಿಲ್ಲ. ಗೋಡೆ ಪಕ್ಕದಲ್ಲೇ ಹರಿಯುವುದು ಅದಕ್ಕೆ ಅಭ್ಯಾಸ. ಗೋಡೆ ಹಿಡಿದು ಬರುತ್ತದೆ, ತೂತು ಕಾಣುತ್ತದೆ, ನಾಲಿಗೆ ಆಡಿಸಿ ನೋಡುತ್ತದೆ, ಒಳಗೆ ಹೋಗುತ್ತದೆ. ಬಾಲ ಮರೆಯಾದ ಮೇಲೆ ಪೈಪನ್ನು ಎತ್ತಿದರೆ ಚೀಲದ ತಳಕ್ಕೆ ಜಾರುತ್ತದೆ. ಹುಕ್ಕಿನ ಹಿಡಿಯನ್ನು ಚೀಲಕ್ಕೆ ಅಡ್ಡಲಾಗಿ ನೆಲಕ್ಕೆ ಒತ್ತಿ, ಈಚೆ ಭಾಗವನ್ನು ತಿರುಚಿ ಗಂಟು ಹಾಕಿದರೆ ಮುಗಿಯಿತು. ಎಲ್ಲ ಸರಿ ಇದ್ದರೆ ಮೂರು ನಿಮಿಷದ ಕೆಲಸ. ಸರಿ ಇಲ್ಲದಿದ್ದರೆ ಎರಡು ಗಂಟೆ.

ಇದನ್ನು ಓದಿ ಯಾರೂ ಪೈಪು ಕತ್ತರಿಸೋಕೆ ಹೋಗಬೇಡಿ. ಕಾರಣ ಎರಡು. 1972ರ ವನ್ಯಜೀವಿ ಸಂರಕ್ಷಣಾ ಕಾಯ್ದೆಯಲ್ಲಿ 'ಬೇಟೆ' ಅನ್ನುವ ಪದದ ಅರ್ಥದೊಳಗೆ ಹಿಡಿಯುವುದೂ ಸೇರಿದೆ. ನನ್ನ ಹೆಸರು, ನಂಬರು ಅರಣ್ಯ ಇಲಾಖೆಯವರ ಹತ್ತಿರ ಇದೆ. ಹಿಡಿದಿದ್ದು, ಬಿಟ್ಟಿದ್ದು ಎರಡನ್ನೂ ಅವರಿಗೆ ತಿಳಿಸುತ್ತೇನೆ. ಇನ್ನೊಂದು ಕಾರಣ ನನ್ನ ಬಲಗಾಲಿನ ಗಮ್ ಬೂಟು. ಅದರಲ್ಲಿ ಮಂಡಿಯ ಕೆಳಗೆ ಎರಡು ಸಣ್ಣ ಗೀರುಗಳಿವೆ.

ಅದು ಆರನೇ ವರ್ಷ. ಅಂದರೆ ನನಗೆ ಎಲ್ಲಾ ಗೊತ್ತು ಅನ್ನಿಸುವ ವರ್ಷ. ಸೌದೆ ರಾಶಿಯಲ್ಲಿ ಕೊಳಕುಮಂಡಲ. ಕುಕ್ಕರ್ ವಿಶಲ್ ಬಿಡುವ ಮುಂಚೆ ಸುಸ್ಸ್ ಅನ್ನುತ್ತದಲ್ಲ, ಹಾಗೆ ಬುಸುಗುಟ್ಟುತ್ತಿತ್ತು. ನಾಗರದ ಹಾಗೆ ಇದು ಹರಿದು ಪೈಪಿಗೆ ಹೋಗುವ ಹಾವಲ್ಲ. ದಪ್ಪ ಮೈ, ಸುರುಳಿ ಸುತ್ತಿಕೊಂಡು ಕೂತಲ್ಲೇ ಕೂರುತ್ತದೆ. ಹುಕ್ಕಿನಿಂದ ಮೆಲ್ಲಗೆ ಎತ್ತಿ ಬಕೆಟ್ಟಿಗೆ ಇಳಿಸಬೇಕು. ಅವತ್ತು ಬಕೆಟ್ ತಂದಿರಲಿಲ್ಲ. ಹೇಗೋ ಚೀಲಕ್ಕೆ ಹಾಕಿದೆ. ಗಂಟು ಹಾಕಿ, ಚೀಲ ಕೈಯಲ್ಲಿ ತೂಗಾಡಿಸಿಕೊಂಡು, ಮನೆಯವರ ಹತ್ತಿರ ಮಾತಾಡುತ್ತಾ ಗೇಟಿನ ಕಡೆ ನಡೆದೆ. ಚೀಲ ಕಾಲಿಗೆ ತಾಗಿತು. ಟಪ್ ಅಂತ ಒಂದು ಪೆಟ್ಟು. ಬಟ್ಟೆ ದಾಟಿ ಬಂದ ಹಲ್ಲು ಬೂಟಿನ ರಬ್ಬರ್ ಗೀರಿತ್ತು. ರಬ್ಬರಿನ ಮೇಲೆ ಹಳದಿ ಬಣ್ಣದ ಒಂದು ಹನಿ ಇಳಿಯುತ್ತಿತ್ತು. ಮಾತು ಅಲ್ಲಿಗೇ ನಿಂತಿತು. ಈಗ ಯಾವ ಹಾವಾದರೂ ಚೀಲ ಸೀದಾ ತೂತು ಮಾಡಿದ ಮುಚ್ಚಳದ ಬಕೆಟ್ಟಿಗೆ ಹೋಗುತ್ತದೆ. ಗಾಡಿಯಲ್ಲಿ ಬಿಸಿಲಿಗೆ ಇಡುವುದೂ ಇಲ್ಲ. ಬಿಸಿಲಲ್ಲಿ ನಿಲ್ಲಿಸಿದ ಗಾಡಿಯೊಳಗೆ ಹಾವು ಬಹಳ ಬೇಗ ಸಾಯುತ್ತದೆ.

ಕಟ್ಟುಹಾವಿನ ವಿಷಯ ಬೇರೆಯೇ. ನನಗೆ ನಿಜವಾಗಿ ಭಯ ಇರುವುದು ಇದರ ಮೇಲೆ. ಹಗಲು ಹೊತ್ತಲ್ಲಿ ಮುದುರಿಕೊಂಡು, ತಲೆಯನ್ನು ಮೈಯ ಸುರುಳಿಯೊಳಗೆ ಹುದುಗಿಸಿಕೊಂಡು, ಪಾಪ ಅನ್ನುವ ಹಾಗೆ ಬಿದ್ದಿರುತ್ತದೆ. ರಾತ್ರಿಯ ಕತೆಯೇ ಬೇರೆ. ನೆಲದ ಮೇಲೆ ಮಲಗಿದವರನ್ನು ನಿದ್ದೆಯಲ್ಲೇ ಕಚ್ಚುತ್ತದೆ. ನೋವೇ ಆಗದೆ ಇರಬಹುದು, ಗುರುತು ಕಾಣದೆಯೂ ಇರಬಹುದು. ಬೆಳಗಿನ ಜಾವ ಹೊಟ್ಟೆನೋವು ಅಂತ ಏಳುತ್ತಾರೆ. ರೆಪ್ಪೆ ಜೋತುಬೀಳುತ್ತದೆ, ಮಾತು ತೊದಲುತ್ತದೆ, ಆಮೇಲೆ ಉಸಿರಾಟ. ಇದಕ್ಕೆ ಅತಿ ಸುಲಭದ ರಕ್ಷಣೆ ಸೊಳ್ಳೆಪರದೆ. ಅಂಚನ್ನು ಹಾಸಿಗೆಯ ಕೆಳಗೆ ಸರಿಯಾಗಿ ಸಿಕ್ಕಿಸಬೇಕು. ಮಂಚ ಇದ್ದರೆ ಇನ್ನೂ ಒಳ್ಳೆಯದು.

ಕಟ್ಟುಹಾವನ್ನೂ ತೋಳಹಾವನ್ನೂ ಜನ ಅದಲುಬದಲು ಮಾಡುತ್ತಾರೆ. ತೋಳಹಾವಿಗೆ ವಿಷವಿಲ್ಲ. ಅದರ ಪಟ್ಟೆ ಕತ್ತಿನ ಹತ್ತಿರವೇ ಶುರುವಾಗಿ ಬಾಲದ ಕಡೆ ಮಾಸುತ್ತದೆ. ಕಟ್ಟುಹಾವಿನ ಬಿಳಿ ಪಟ್ಟೆಗಳು ಸಾಮಾನ್ಯವಾಗಿ ಜೋಡಿ ಜೋಡಿ. ತಲೆಯಿಂದ ಸ್ವಲ್ಪ ಹಿಂದೆ ಶುರುವಾಗಿ ಬಾಲದವರೆಗೂ ಎದ್ದು ಕಾಣುತ್ತವೆ. ಇಷ್ಟು ಬರೆದರೂ ನನ್ನ ಮಾತು ಒಂದೇ. ಗುರುತು ಹಿಡಿಯೋಕೆ ಬಗ್ಗಿ ನೋಡಬೇಡಿ. ದೂರದಿಂದ ಒಂದು ಫೋಟೋ ತೆಗೆದು ಕಳಿಸಿ, ಸಾಕು. ಗರಗಸ ಮಂಡಲ ಅನ್ನುವ ಇನ್ನೊಂದು ವಿಷದ ಹಾವು ನನಗೆ ಸಿಕ್ಕಿದ್ದು ಎರಡೇ ಸಲ, ಎರಡೂ ಕಲ್ಲು ರಾಶಿಯಲ್ಲಿ. ಅದರ ಬಗ್ಗೆ ದೊಡ್ಡದಾಗಿ ಹೇಳೋಕೆ ನನ್ನ ಹತ್ತಿರ ಏನೂ ಇಲ್ಲ. ಹಾಗೆ ನೋಡಿದರೆ ಹಿಡಿದ ಹಾವುಗಳನ್ನು ಬರೆದಿಡುವ ನನ್ನ ಪುಸ್ತಕದಲ್ಲಿ ಜಾಸ್ತಿ ಇರುವುದು ಕೇರೆಹಾವು. ಇಲಿ ತಿನ್ನೋಕೆ ಬಂದ ಪಾಪದ ಹಾವು.

ಈಗ ಮೋಟು ಬಾಲದ ವಿಷಯ.

ಒಂದು ಮನೆಯ ನೀರಿನ ಮೀಟರಿನ ಗುಂಡಿಯಲ್ಲಿ ಸಿಕ್ಕಿದ ನಾಗರ ಅದು. ನಾಲ್ಕೂವರೆ ಅಡಿ ಇತ್ತು. ಬಾಲದ ತುದಿ ಎರಡು ಇಂಚಿನಷ್ಟು ಎಂದೋ ತುಂಡಾಗಿ ಗಾಯ ಮಾಗಿತ್ತು. ಆಗೆಲ್ಲ ನನ್ನ ಪದ್ಧತಿ ಏನೆಂದರೆ, ಹಿಡಿದ ಹಾವನ್ನು ಗಾಡಿಯಲ್ಲಿ ಇಟ್ಟುಕೊಂಡು ಇಪ್ಪತ್ತು ಇಪ್ಪತ್ತೈದು ಕಿಲೋಮೀಟರ್ ಹೋಗಿ ಕಾಡಿನ ಅಂಚಿನಲ್ಲಿ ಬಿಡುವುದು. ಪೆಟ್ರೋಲು ನನ್ನದೇ. ಅದರಲ್ಲೊಂದು ತೃಪ್ತಿ. ಮನೆಯವರಿಗೂ ನೆಮ್ಮದಿ, ಹಾವಿಗೂ ಕಾಡು, ನನಗೂ ಪುಣ್ಯ. ಮೋಟು ಬಾಲವನ್ನೂ ಹಾಗೇ ಬಿಟ್ಟೆ. ಚೀಲದಿಂದ ಹೊರಗೆ ಬಂದು, ಒಂದು ಸಲ ಹೆಡೆ ಎತ್ತಿ ಸುತ್ತ ನೋಡಿ, ಪೊದೆಯೊಳಗೆ ಹೋಯಿತು. ನನ್ನ ಹತ್ತಿರ ಅದರ ಫೋಟೋ ಕೂಡ ಇದೆ. ಕೆಳಗೆ 'ಮನೆಗೆ ಮರಳಿತು' ಅಂತ ಬರೆದು ಹಂಚಿದ್ದೆ.

ಒಂಬತ್ತು ದಿನದ ಮೇಲೆ ಅದೇ ದಾರಿಯಲ್ಲಿ ಒಂದು ಬೋರ್‌ವೆಲ್ ಪೈಪಿನ ಕೆಲಸಕ್ಕೆ ಹೋಗುತ್ತಿದ್ದೆ. ಬಿಟ್ಟ ಜಾಗಕ್ಕಿಂತ ಆರು ಕಿಲೋಮೀಟರ್ ಈಚೆ, ಡಾಂಬರು ರಸ್ತೆಯ ಮೇಲೆ ಚಪ್ಪಟೆಯಾಗಿ ಒಂದು ನಾಗರ ಬಿದ್ದಿತ್ತು. ಗಾಡಿ ನಿಲ್ಲಿಸಿದ್ದು ಅಭ್ಯಾಸಬಲದಿಂದ. ಬಾಲ ನೋಡಿದೆ. ಮೋಟು.

ಅದು ಅದೇ ಹಾವು ಅಂತ ಹೇಗೆ ಹೇಳ್ತೀಯಾ ಅಂತ ನನ್ನ ಗೆಳೆಯ ಕೇಳಿದ. ನ್ಯಾಯವಾದ ಪ್ರಶ್ನೆ. ಫೋಟೋ ಪಕ್ಕ ಪಕ್ಕ ಇಟ್ಟು ನೋಡಿದೆವು. ತುಂಡಾದ ಜಾಗ ಅದೇ, ಓರೆಯಾದ ಗಾಯವೂ ಅದೇ. ಅವನೂ ಸುಮ್ಮನಾದ.

ಆಮೇಲೆ ನಾನು ಓದೋಕೆ ಶುರು ಮಾಡಿದೆ. ಹತ್ತನೇ ಕ್ಲಾಸಿನವನಿಗೆ ಇಂಗ್ಲಿಷಿನ ಸಂಶೋಧನಾ ಲೇಖನ ಓದುವುದು ಸುಲಭವಲ್ಲ. ಗೆಳೆಯನ ಮಗಳು ಸಹಾಯ ಮಾಡಿದಳು. ಅಮೆರಿಕದ ಪೆನ್ಸಿಲ್ವೇನಿಯಾದಲ್ಲಿ ಟಿಂಬರ್ ರ್‍ಯಾಟಲ್‌ಸ್ನೇಕ್ ಅನ್ನುವ ವಿಷದ ಹಾವುಗಳಿಗೆ ರೇಡಿಯೋ, ಅಂದರೆ ಹಾವು ಎಲ್ಲಿದೆ ಅಂತ ಸಿಗ್ನಲ್ ಕಳಿಸುವ ಸಣ್ಣ ಯಂತ್ರ, ಹಾಕಿ ನೋಡಿದ್ದರು. ಆ ಅಧ್ಯಯನ ಅಚ್ಚಾಗಿದ್ದು 1999ರಲ್ಲಿ. ಬೇರೆ ಕಡೆಯಿಂದ ತಂದು ಬಿಟ್ಟ ಹಾವುಗಳಲ್ಲಿ ಅರ್ಧಕ್ಕಿಂತ ಜಾಸ್ತಿ ಸತ್ತುಹೋಗಿದ್ದವು. ಅದೇ ಕಾಡಿನಲ್ಲಿ ಮೊದಲಿಂದ ಇದ್ದ ಹಾವುಗಳಲ್ಲಿ ಸತ್ತಿದ್ದು ಒಂಬತ್ತಕ್ಕೆ ಒಂದರಂತೆ. ನಮ್ಮ ಆಗುಂಬೆಯಲ್ಲೂ 2008ರಿಂದ ಕಾಳಿಂಗ ಸರ್ಪಗಳಿಗೆ ಹೀಗೇ ರೇಡಿಯೋ ಅಳವಡಿಸಿ ಹಿಂದೆ ಹಿಂದೆ ನಡೆದು ನೋಡಿದವರಿದ್ದಾರೆ. ದೂರ ಒಯ್ದು ಬಿಟ್ಟಿದ್ದು ಒಂದು ಕಡೆ ನೆಲೆ ನಿಲ್ಲದೆ ಅಲೆಯುತ್ತದೆ ಅನ್ನುವುದು ಅಲ್ಲೂ ಕಂಡಿದೆ.

ಯೋಚನೆ ಮಾಡಿದರೆ ಇದು ಗೊತ್ತಾಗದ ವಿಷಯವೇನಲ್ಲ. ಹಾವಿಗೆ ತನ್ನದೇ ಒಂದು ವಠಾರ ಇರುತ್ತದೆ. ಯಾವ ಬಿಲ ಬೇಸಿಗೆಯಲ್ಲಿ ತಂಪು, ಮಳೆ ಬಂದರೆ ಯಾವುದಕ್ಕೆ ನೀರು ನುಗ್ಗುವುದಿಲ್ಲ, ಇಲಿ ಎಲ್ಲಿ ಓಡಾಡುತ್ತದೆ, ಮುಂಗುಸಿ ಎಲ್ಲಿದೆ ಅನ್ನುವುದೆಲ್ಲ ಅದಕ್ಕೆ ಗೊತ್ತು. ನಾನು ಅದನ್ನು ಚೀಲದಲ್ಲಿ ಹಾಕಿ ಏನೂ ಗೊತ್ತಿಲ್ಲದ ಜಾಗದಲ್ಲಿ ಸುರಿದು ಬಂದರೆ ಅದು ಹುಡುಕಲೇಬೇಕು. ಹುಡುಕುತ್ತಾ ಬಯಲಿಗೆ ಬರುತ್ತದೆ, ರಸ್ತೆ ದಾಟುತ್ತದೆ, ಯಾರದೋ ಅಂಗಳಕ್ಕೆ ಹೋಗುತ್ತದೆ. ಅಂದರೆ ಒಂದು ಮನೆಯವರ ಭಯವನ್ನು ತಂದು ಇನ್ನೊಂದು ಮನೆಯವರಿಗೆ ಕೊಟ್ಟ ಹಾಗಾಯಿತು. ಅವರಿಗೆ ಹೇಳಿಯೂ ಇಲ್ಲ. ಇತ್ತ ಹಳೆಯ ಮನೆಯಲ್ಲಿ ಬಿಲ ಹಾಗೇ ಇದೆ, ಇಲಿ ಹಾಗೇ ಇದೆ. ಖಾಲಿಯಾದ ಜಾಗಕ್ಕೆ ಇನ್ನೊಂದು ಹಾವು ಬರೋಕೆ ಏನು ಅಡ್ಡಿ? ಮೀಟರ್ ಗುಂಡಿಯ ಮನೆಯಿಂದ ನಾಲ್ಕು ತಿಂಗಳಲ್ಲೇ ಮತ್ತೆ ಫೋನು ಬಂತು. ಇನ್ನೊಂದು ನಾಗರ. ಬಾಲ ಪೂರ್ತಿ ಇತ್ತು.

ಎಂಟು ವರ್ಷದಲ್ಲಿ ನಾನು ದೂರ ಬಿಟ್ಟ ಹಾವುಗಳ ಲೆಕ್ಕ ಪುಸ್ತಕದಲ್ಲಿದೆ. ಮುನ್ನೂರ ಹದಿನೇಳು. ಆ ಪುಟಗಳನ್ನು ಈಗ ತೆರೆಯುವುದಿಲ್ಲ.

ಈಗ ಆದಷ್ಟು ಹತ್ತಿರ ಬಿಡುತ್ತೇನೆ. ಹತ್ತಿರ ಅಂದರೆ ಸಿಕ್ಕಿದ ಜಾಗದಿಂದ ಕೆಲವು ನೂರು ಮೀಟರ್ ಒಳಗೆ, ಬೇಲಿ ಸಾಲು, ಕಲ್ಲುಗುಡ್ಡೆ, ಹಳ್ಳದ ದಂಡೆ ಅಂಥ ಕಡೆ. ಜನರ ಓಡಾಟ ಇರಬಾರದು. ನಡುವೆ ದೊಡ್ಡ ರಸ್ತೆ ಬರಬಾರದು. ಎದುರಿಗೇ ಹೊಕ್ಕೋಕೆ ಒಂದು ಬಿಲವೋ ಪೊಟರೆಯೋ ಇರಬೇಕು. ಕಟ್ಟುಹಾವಾದರೆ ಕತ್ತಲಾದ ಮೇಲೆ. ಯಾವ ಹಾವಾದರೂ ಉರಿಬಿಸಿಲಲ್ಲಿ ಬೇಡ. ಪಕ್ಕದಲ್ಲೇ ಶಾಲೆಯೋ ಕೂಲಿಯವರ ಶೆಡ್ಡುಗಳೋ ಇದ್ದರೆ ಇನ್ನೂ ಸ್ವಲ್ಪ ದೂರ ಒಯ್ಯುತ್ತೇನೆ. ಅಲ್ಲಿ ಹಾವಿಗಿಂತ ಮಕ್ಕಳು ಮುಖ್ಯ. ಅಂಥ ದಿನ ಅರಣ್ಯ ಇಲಾಖೆಯವರನ್ನು ಕೇಳಿಯೇ ಜಾಗ ಗೊತ್ತು ಮಾಡುವುದು. ಚೀಲದ ಗಂಟು ಬಿಚ್ಚಿ, ತಳದ ಮೂಲೆಯನ್ನು ಹುಕ್ಕಿನಲ್ಲಿ ಎತ್ತಿ, ಹಿಂದೆ ನಿಂತು ಸುರಿಯುತ್ತೇನೆ. ನೋಡೋಕೆ ಬಂದವರನ್ನೆಲ್ಲ ನನ್ನ ಹಿಂದೆ ನಿಲ್ಲಿಸುತ್ತೇನೆ. ವಿಡಿಯೋ ಬೇಡ ಅಂದರೆ ಮುನಿಸಿಕೊಳ್ಳುತ್ತಾರೆ. ಮುನಿಸಿಕೊಳ್ಳಲಿ.

ಹತ್ತಿರ ಬಿಡುವುದು ಹಾವಿಗೆ ಸುಲಭ. ನನಗೆ ಕಷ್ಟ. ಮನೆಯವರಿಗೆ ಹೇಳಿ ಒಪ್ಪಿಸಬೇಕಲ್ಲ.

ನಿವೃತ್ತರಾದ ಒಬ್ಬ ಟೀಚರ್ ಅಮ್ಮ ಇದ್ದಾರೆ. ಒಂಟಿ ಮನೆ, ಹಿಂದೆ ದೊಡ್ಡ ಹಿತ್ತಿಲು, ಅದರಾಚೆ ಪಾಳು ಜಮೀನು. ಅವರ ಬಚ್ಚಲಲ್ಲಿ ನಾಗರ ಸಿಕ್ಕಿತು. ಚೀಲ ಕಟ್ಟಿ ಬಕೆಟ್ಟಿಗೆ ಹಾಕಿದ ಮೇಲೆ ಕೇಳಿದರು.

"ಎಲ್ಲಪ್ಪಾ ಬಿಡ್ತೀಯಾ?"

"ಆ ಪಾಳು ಜಮೀನಿನ ಆಚೆ ತುದೀಲಿ ಕಲ್ಲುಗುಡ್ಡೆ ಇದೆಯಲ್ಲಮ್ಮಾ, ಅಲ್ಲಿ."

"ಅಲ್ಲಯ್ಯಾ, ಹಿಡಿಯೋಕೆ ಕರೆದರೆ ನನ್ನ ಹಿತ್ತಿಲಿನ ಆಚೆಗೇ ಬಿಡ್ತೀನಿ ಅಂತೀಯಲ್ಲ! ಇದಕ್ಕೆ ನೀನ್ಯಾಕೆ ಬೇಕಿತ್ತು? ನಾನೇ ಪೊರಕೆ ತಗೊಂಡು ಅಟ್ಟುತ್ತಿದ್ದೆ."

ನಾನು ಮೋಟು ಬಾಲದ ಕತೆ ಹೇಳಿದೆ. ಅವರು ಪೂರ್ತಿ ಕೇಳಿದರು. ಮೂವತ್ತು ವರ್ಷ ಮಕ್ಕಳ ನೆಪಗಳನ್ನು ಕೇಳಿದವರು, ಸುಲಭಕ್ಕೆ ಕರಗುವವರಲ್ಲ. "ಸರಿ, ಹಾವಿನ ಕಷ್ಟ ಆಯ್ತು. ನನ್ನ ಕಷ್ಟಕ್ಕೆ ಏನು ಮಾಡ್ತೀಯಾ?" ಅಂದರು.

ಆಗ ನಾನು ಪ್ಲಂಬರ್ ಆದೆ.

ಹಾವು ಬಚ್ಚಲಿಗೆ ಹೇಗೆ ಬಂತು ಅಂತ ಹುಡುಕಿದೆವು. ಹೊರಗೆ ಚೇಂಬರಿನ ಮುಚ್ಚಳ ಒಂದು ಮೂಲೆ ಒಡೆದಿತ್ತು. ಅಲ್ಲಿಂದ ಇಲಿ ಇಳಿದಿತ್ತು. ಇಲಿಯ ಹಿಂದೆ ಹಾವು. ಪೈಪಿನಲ್ಲಿ ಬಂದು, ಬಚ್ಚಲ ನೀರು ಹೋಗುವ ಕಡೆ ಜಾಲರಿ ಇಲ್ಲದ್ದರಿಂದ ಮೇಲೆ ಬಂದಿತ್ತು. ಮುಚ್ಚಳ ಬದಲಾಯಿಸಿದೆ. ಜಾಲರಿ ಹಾಕಿ ಸ್ಕ್ರೂ ಬಿಗಿದೆ. ಸುಮ್ಮನೆ ಇಟ್ಟ ಜಾಲರಿಯನ್ನು ದೊಡ್ಡ ಹೆಗ್ಗಣ ಎತ್ತಿಬಿಡುತ್ತದೆ. ಸಂಪಿನ ಓವರ್‌ಫ್ಲೋ ಪೈಪಿನ ಬಾಯಿಗೆ ತಂತಿಬಲೆ ಕಟ್ಟಿದೆ. ಹಿತ್ತಿಲ ಬಾಗಿಲ ಕೆಳಗೆ ಬೆರಳು ತೂರುವಷ್ಟು ಸಂದಿ ಇತ್ತು. ಬೆರಳು ತೂರಿದರೆ ಮರಿಹಾವು ತೂರುತ್ತದೆ. ಮರಿಗೂ ಹುಟ್ಟಿದ ದಿನದಿಂದಲೇ ವಿಷ ಇರುತ್ತದೆ. ಅಲ್ಲಿಗೆ ರಬ್ಬರ್ ಪಟ್ಟಿ. ಗೋಡೆಗೆ ಒರಗಿಸಿದ್ದ ಹಳೆ ಹೆಂಚುಗಳನ್ನು ಕಬ್ಬಿಣದ ಸ್ಟ್ಯಾಂಡಿನ ಮೇಲೆ, ನೆಲದಿಂದ ಒಂದಡಿ ಎತ್ತರಕ್ಕೆ ಏರಿಸಿದೆವು. ಕೋಳಿಗೂಡಿನ ಬಲೆಯ ಕಣ್ಣು ದೊಡ್ಡದಿತ್ತು, ಅದನ್ನೂ ಬದಲಾಯಿಸಿದೆವು. ಹಿಡಿದಿದ್ದು ಹತ್ತು ನಿಮಿಷ, ಈ ಕೆಲಸ ಎರಡು ದಿನ.

ಆ ಎರಡು ದಿನದಲ್ಲಿ ಅವರ ಬಾಗಿಲ ಸುತ್ತ ಸುರಿದಿದ್ದ ಏನೇನನ್ನೋ ಗುಡಿಸಿ ಹಾಕಿದೆ. ಫಿನಾಯಿಲ್, ನುಸಿಗುಳಿಗೆ, ಬೆಳ್ಳುಳ್ಳಿ ನೀರು, ಉಪ್ಪಿನ ಗೆರೆ. ಹಾವು ಓಡಿಸುವ ಪುಡಿ ಅಂತ ಮಾರುವ ಡಬ್ಬದಲ್ಲಿ ಎಷ್ಟೋ ಸಲ ಇರುವುದು ಈ ನುಸಿಗುಳಿಗೆಯ ಸಾಮಾನೇ. ನುಸಿಗುಳಿಗೆ ಸಾಲಾಗಿ ಇಟ್ಟಿದ್ದ ಮೆಟ್ಟಿಲ ಮೇಲೇ ಕೇರೆಹಾವು ಹಾಯಾಗಿ ಮಲಗಿದ್ದನ್ನು ನಾನು ಕಣ್ಣಾರೆ ನೋಡಿದ್ದೇನೆ. ಇದಕ್ಕಿಂತ ನನಗೆ ಸಿಟ್ಟು ಬರುವುದು ಇಲಿ ಹಿಡಿಯುವ ಗಮ್ ಹಾಳೆ ಕಂಡರೆ. ಅದನ್ನು ಹೊರಗೆ ಇಟ್ಟರೆ ಇಲಿಗಿಂತ ಮೊದಲು ಹಾವು, ಓತಿಕ್ಯಾತ, ಹಕ್ಕಿ ಅಂಟಿಕೊಳ್ಳುತ್ತವೆ. ಒಮ್ಮೆ ಒಂದೂವರೆ ಅಡಿಯ ನಾಗರ ಮರಿಯೊಂದು ಅಂಟಿಕೊಂಡು ಒದ್ದಾಡುತ್ತಿತ್ತು. ಬಿಡಿಸೋಕೆ ಇರುವ ದಾರಿ ಅಡುಗೆ ಎಣ್ಣೆ. ತಲೆಯನ್ನು ಪೈಪಿನೊಳಗೆ ಕೂರಿಸಿ, ಮೈಗೆ ಸ್ವಲ್ಪ ಸ್ವಲ್ಪವೇ ಎಣ್ಣೆ ಬಿಟ್ಟು, ಬ್ರಷ್ಷಿನಲ್ಲಿ ಸವರಿ ಸವರಿ ಬಿಡಿಸಿದೆ. ಒಂದು ಗಂಟೆ ಮೇಲೆ ಹಿಡಿಯಿತು. ವಿಷದ ಹಾವಿಗೆ ಇದನ್ನು ನೀವು ಮಾಡೋಕೆ ಹೋಗಲೇಬೇಡಿ. ಗಿಡಕ್ಕೆ ಹೊದಿಸುವ ನೈಲಾನ್ ಬಲೆಯೂ ಅಷ್ಟೇ ಕೆಟ್ಟದ್ದು. ನೆಲಕ್ಕೆ ತಾಗುವ ಹಾಗೆ ಬಿಡಬೇಡಿ.

ಹಾವು ಕಂಡಾಗ ನೀವು ಮಾಡಬೇಕಾದ್ದು ಬಹಳ ಕಡಿಮೆ. ಅದಕ್ಕೇ ಅದು ಕಷ್ಟ. ಮಕ್ಕಳು, ನಾಯಿ, ಬೆಕ್ಕು ಆಚೆ. ಏಳೆಂಟು ಅಡಿ ದೂರ ಒಬ್ಬರು ನಿಂತು ಹಾವಿನ ಮೇಲಿಂದ ಕಣ್ಣು ತೆಗೆಯದೆ ನೋಡುತ್ತಿರಬೇಕು. ನನಗೆ ಅತಿ ಜಾಸ್ತಿ ತೊಂದರೆ ಕೊಡುವ ಮಾತು ಯಾವುದು ಗೊತ್ತಾ? "ಇಲ್ಲೇ ಇತ್ತು." ಎಲ್ಲರೂ ಫೋನು ಮಾಡೋಕೆ ಹೊರಗೆ ಓಡಿರುತ್ತಾರೆ, ಹಾವು ಬೀರುವಿನ ಹಿಂದೆಯೋ ಫ್ರಿಜ್ಜಿನ ಕೆಳಗೋ ಸೇರಿರುತ್ತದೆ. ರೂಮಿನಲ್ಲಿದ್ದರೆ ಬಾಗಿಲು ಹಾಕಿ, ಕೆಳಗಿನ ಸಂದಿಗೆ ದಪ್ಪ ಟವೆಲ್ ತುರುಕಿ. ಹೊರಗೆ ಹೋಗುವ ಬಾಗಿಲ ಹತ್ತಿರವೇ ಇದ್ದರೆ ಆ ಬಾಗಿಲು ತೆರೆದಿಟ್ಟು ದೂರ ಸರಿಯಿರಿ. ಅರ್ಧ ಸಲ ಅಲ್ಲಿಗೇ ಮುಗಿಯುತ್ತದೆ. ಬಿಸಿನೀರು, ಸೀಮೆಎಣ್ಣೆ, ಕೋಲು, ಕಲ್ಲು ಯಾವುದೂ ಬೇಡ. ಹೊಡೆದು ಸಾಯಿಸಿದೆ ಅಂತ ತಲೆ ಎತ್ತಿ ತೋರಿಸುವುದಂತೂ ಬೇಡವೇ ಬೇಡ. ಕತ್ತರಿಸಿದ ತಲೆಯೂ ಸುಮಾರು ಹೊತ್ತು ಕಚ್ಚಬಲ್ಲದು.

ಕಚ್ಚಿದರೆ? ನಮ್ಮ ದೇಶದಲ್ಲಿ 2000ದಿಂದ 2019ರವರೆಗೆ ಹಾವು ಕಚ್ಚಿ ಸತ್ತವರು ಸುಮಾರು 12 ಲಕ್ಷ ಅಂತ ಅಂದಾಜು. ವರ್ಷಕ್ಕೆ 58,000. ಆದ್ದರಿಂದ ಇದರಲ್ಲಿ ತಮಾಷೆ ಇಲ್ಲ. ಹಗ್ಗ ಬಿಗಿಯಬೇಡಿ, ಕುಯ್ಯಬೇಡಿ, ಬಾಯಿಂದ ಹೀರಬೇಡಿ. ಉಂಗುರ, ಬಳೆ, ವಾಚು ತೆಗೆದುಬಿಡಿ, ಊತ ಬರುತ್ತದೆ. ಕಚ್ಚಿದ ಕೈ ಅಥವಾ ಕಾಲು ಅಲುಗಾಡದ ಹಾಗೆ ಮುರಿದ ಮೂಳೆಗೆ ಪಟ್ಟಿ ಕಟ್ಟುವಂತೆ ಕಟ್ಟಿ, ಕಚ್ಚಿಸಿಕೊಂಡವರನ್ನು ನಡೆಸದೆ, 108ಕ್ಕೆ ಫೋನು ಮಾಡಿ ದೊಡ್ಡ ಆಸ್ಪತ್ರೆಗೆ ಕರೆದುಕೊಂಡು ಹೋಗಿ. ವಿಷಕ್ಕೆ ಇರುವ ಮದ್ದು ಆ್ಯಂಟಿ ವೆನಮ್ ಒಂದೇ. ನಾಗರ, ಕಟ್ಟುಹಾವು, ಕೊಳಕುಮಂಡಲ, ಗರಗಸ ಮಂಡಲ ನಾಲ್ಕಕ್ಕೂ ಒಂದೇ ಔಷಧಿ ಕೆಲಸ ಮಾಡುತ್ತದೆ. ಹಾಗಾಗಿ ಹಾವನ್ನು ಹಿಡಿದು ಆಸ್ಪತ್ರೆಗೆ ಒಯ್ಯುವ ಅಗತ್ಯ ಇಲ್ಲ. ಆ ಔಷಧಿಗೆ ಬೇಕಾದ ವಿಷದಲ್ಲಿ ಬಹುಪಾಲು ಬರುವುದು ತಮಿಳುನಾಡಿನ ಇರುಳರು ಅನ್ನುವ ಬುಡಕಟ್ಟಿನವರ ಸಹಕಾರ ಸಂಘದಿಂದ. 1978ರಲ್ಲಿ ಶುರುವಾದ ಸಂಘ. ಅವರು ಹಾವು ಹಿಡಿದು, ಕೆಲವು ವಾರ ಇಟ್ಟುಕೊಂಡು ವಿಷ ತೆಗೆದು, ಮತ್ತೆ ಕಾಡಿಗೆ ಬಿಡುತ್ತಾರೆ. ಅವರ ಕೈಚಳಕದ ಮುಂದೆ ನನ್ನ ಪೈಪು ಮಕ್ಕಳ ಆಟ. ಕರ್ನಾಟಕದಲ್ಲಿ 2024ರ ಫೆಬ್ರವರಿಯಿಂದ ಹಾವು ಕಡಿತವನ್ನು ಆಸ್ಪತ್ರೆಗಳು ಸರ್ಕಾರಕ್ಕೆ ವರದಿ ಮಾಡಲೇಬೇಕು. ಒಳ್ಳೆಯ ಕೆಲಸ.

ಮೊನ್ನೆ ಸಂಜೆ ಟೀಚರ್ ಅಮ್ಮನ ಫೋನು. ಅವರ ಹೆಸರು ಕಂಡ ಕೂಡಲೇ ನಾನು ಬಕೆಟ್ಟಿನ ಕಡೆ ನೋಡಿದೆ.

"ಬಂದಿದೆ ಕಣಯ್ಯಾ," ಅಂದರು.

"ಎಲ್ಲಿದೆ? ದೂರ ನಿಂತ್ಕೊಳ್ಳಿ, ಹೊರಟೆ."

"ಏನೂ ಬೇಡ. ಹಿತ್ತಿಲ ಗೋಡೆ ಪಕ್ಕ ಹೋಗ್ತಾ ಇದೆ. ನಾನು ಕಿಟಕೀಲಿ ನೋಡ್ತಾ ಇದೀನಿ." ಸ್ವಲ್ಪ ಹೊತ್ತು ಏನೂ ಮಾತಿಲ್ಲ. ಅವರು ಉಸಿರಾಡುವುದು ಕೇಳುತ್ತಿತ್ತು. "ಹ್ಞಾಂ, ಹೋಯ್ತು. ಕಲ್ಲುಗುಡ್ಡೆ ಕಡೆ."

"ಮತ್ತೆ ಫೋನ್ ಯಾಕೆ ಮಾಡಿದ್ರಿ ಅಮ್ಮಾ?"

"ನೀನು ಹಾಕಿದ ನಲ್ಲಿ ಸೋರ್ತಾ ಇದೆ. ನಾಳೆ ಬಂದು ವಾಷರ್ ಹಾಕಿಕೊಡು."